ಬೋಲ್ಟ್ ಹೊಸದು, ತೂತು ಹಳೆಯದು

ತುಮಕೂರಿನ ಬಟವಾಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಬಸ್ ರಿಪೇರಿ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಗಾಡಿಯ ಮುಖ್ಯವಾದ ಬೋಲ್ಟುಗಳನ್ನು ಯಾವನು ಬಿಗಿ ಮಾಡಿದನೋ ಅವನೇ ಆ ಗಾಡಿಯ ಮೊದಲ ಟ್ರಿಪ್ಪಿಗೆ ಹತ್ತಬೇಕು. ಗುಬ್ಬಿಯಾದರೆ ಗುಬ್ಬಿ, ಕುಣಿಗಲ್ ಆದರೆ ಕುಣಿಗಲ್. ಮನೆಯಲ್ಲಿ ಮುದ್ದೆ ಆರುತ್ತಿದ್ದರೂ ಸರಿ, ನಂಟರ ಮನೆಯಲ್ಲಿ ಬೀಗರೂಟ ಇದ್ದರೂ ಸರಿ, ಹೋಗಲೇಬೇಕು. ಸೀಟು ಸಿಗದಿದ್ದರೆ ಕಂಬಿ ಹಿಡಿದು ನಿಂತುಕೊಂಡು ಹೋಗಬೇಕು. ಈ ಕಟ್ಟಳೆ ಮಾಡಿದವರು ಶೆಡ್ಡಿನ ಯಜಮಾನರೂ ಗುರುವೂ ಆಗಿದ್ದ ಖಾದರ್ ಮೇಸ್ತ್ರಿ.

"ನೀನ್ ಕಟ್ಟಿದ್ ಗಾಡೀಲಿ ನೀನೇ ಕೂರಾಕೆ ಹೆದ್ರುದ್ರೆ, ಇನ್ನೊಬ್ರ ಹೆಂಡ್ರು ಮಕ್ಳನ್ನ ಯಾವ್ ಮುಖ ಇಟ್ಕಂಡು ಕೂರುಸ್ತೀಯ?" ಎನ್ನುತ್ತಿದ್ದರು.

ನನಗೆ ಆ ಟ್ರಿಪ್ಪುಗಳೆಂದರೆ ಮದುವೆ ಮೆರವಣಿಗೆ ಇದ್ದ ಹಾಗೆ. ಬಸ್ಸಿನ ಹಿಂಭಾಗದಲ್ಲಿ, ಆ್ಯಕ್ಸಲ್ ಮೇಲಿನ ಸೀಟಿನಲ್ಲಿ ಕೂತು ಕಾಲಡಿಯ ಶಬ್ದ ಕೇಳುತ್ತಿದ್ದೆ. ಪಕ್ಕದವರು ಊರು ಯಾವುದು, ಕೆಲಸ ಏನು ಎಂದು ಕೇಳಿದರೆ "ಈ ಗಾಡಿ ಕಟ್ಟಿದೋನು ನಾನೇ" ಎಂದು ಹೇಳಿಬಿಡುತ್ತಿದ್ದೆ. ಕೆಲವರು ನಗುತ್ತಿದ್ದರು. ಕೆಲವರು ನನ್ನ ಉಗುರಿನೊಳಗಿನ ಮಸಿ ನೋಡಿ ನಂಬುತ್ತಿದ್ದರು.

ಇಷ್ಟೊಂದು ಹೆಮ್ಮೆಪಟ್ಟ ಆ ಕಟ್ಟಳೆಯೇ ಒಮ್ಮೆ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿತು. ಕೆಂಪಯ್ಯ ಎಂಬ ಒಳ್ಳೆಯ ಡ್ರೈವರ್ ಮಾಡದ ತಪ್ಪಿಗೆ ತನ್ನ ಸೀಟನ್ನೇ ಕಳೆದುಕೊಳ್ಳುವ ಹಾಗಾಯಿತು. ಈಗ ಐಟಿಐ ಮುಗಿಸಿ ಸ್ಪ್ಯಾನರ್ ಹಿಡಿಯುವವರಿಗೆ ನಾನು ಬರೆದು ತಿಳಿಸಬೇಕಾದದ್ದು ಅದನ್ನೇ. ನಾನು ಹೆಲ್ಪರ್ ಆಗಿ ಸೇರಿ ಹೆಡ್ ಫಿಟ್ಟರ್ ಆಗಿ ಮನೆಗೆ ಬಂದೆ. ನಡುವಿನ ಮೆಟ್ಟಿಲುಗಳ ಕಥೆ ನನ್ನ ಹೆಂಡತಿ ಸರೋಜಳಿಗೇ ಬೇಡ, ನಿಮಗ್ಯಾಕೆ?

ನಮ್ಮೂರು ಊರ್ಡಿಗೆರೆ ಕಡೆ. ಮನೆಯಲ್ಲಿ ರಾಗಿ ಹೊಲ. ಹೊಲದ ಕೆಲಸದಲ್ಲಿ ನಾನು ಕಲಿತದ್ದು ಒಂದೇ: ಹಸನು ಮಾಡದ ನೆಲಕ್ಕೆ ಎಂಥ ಬೀಜ ಹಾಕಿದರೂ ದಂಡ. ಮೆಕ್ಯಾನಿಕ್ ಆದ ಮೇಲೆ ಆ ಮಾತನ್ನು ಮರೆತುಬಿಟ್ಟಿದ್ದೆ. ಶೆಡ್ಡಿನಲ್ಲಿ ಎಲ್ಲರಿಗೂ ಬಿಗಿ ಮಾಡುವ ಕೆಲಸ ಬೇಕು, ತೊಳೆಯುವ ಕೆಲಸ ಯಾರಿಗೂ ಬೇಡ. ಬಿಗಿ ಮಾಡುವವನು ಗಂಡಸು, ತೊಳೆಯುವವನು ಗಂಡಸಲ್ಲ ಎಂಬಂಥ ಜಂಬ. ಆ ಜಂಬ ಇವತ್ತಿಗೂ ಹೋಗಿಲ್ಲ ಎಂದು ಕೇಳಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಬೋಲ್ಟ್ ಸಡಿಲವಾಗದಿರಲು ಸ್ಪ್ರಿಂಗ್ ವಾಷರ್ ಹಾಕುತ್ತಿದ್ದೆವು, ಇಲ್ಲವೇ ಬೋಲ್ಟಿನ ಅಡಿಗೆ ಇಟ್ಟ ತಗಡಿನ ಕಿವಿಯನ್ನು ಅದರ ತಲೆಗೆ ಮಡಚುತ್ತಿದ್ದೆವು. ಕೆಲವು ಕಡೆ ಬೋಲ್ಟಿನ ತಲೆಗೆ ತಂತಿ ಪೋಣಿಸಿ ಎಮ್ಮೆಗೆ ಮೂಗುದಾರ ಹಾಕಿದ ಹಾಗೆ ಕಟ್ಟುತ್ತಿದ್ದೆವು. ಆಮೇಲೆ ಬಂತು ಬಾಟಲಿ. ಬೋಲ್ಟಿನ ಸುರುಳಿ ಗೆರೆಗೆ, ಅಂದರೆ ಥ್ರೆಡ್ಡಿಗೆ, ಒಂದು ತೊಟ್ಟು ಹಾಕಿ ಬಿಗಿ ಮಾಡಿದರೆ ಒಳಗೇ ಗಟ್ಟಿಯಾಗುವ ಅಂಟು. ನೀಲಿ ಅಂಟಾದರೆ ಸ್ಪ್ಯಾನರಿಗೆ ಮಣಿಯುತ್ತದೆ. ಕೆಂಪು ಅಂಟಾದರೆ ಚೆನ್ನಾಗಿ ಕಾಸಬೇಕು, ಬಿಸಿ ಇರುವಾಗಲೇ ಬಿಚ್ಚಬೇಕು. ಮೊದಲ ಸಲ ಆ ಬಾಟಲಿ ನೋಡಿದ ಮೇಸ್ತ್ರಿ, "ಇಷ್ಟ್ ಸಣ್ ಸೀಸೇಲಿರೋ ನೀರು ಬಸ್ ತಡೆದ್ ನಿಲ್ಸತದೇನ್ಲಾ ಶಿವಲಿಂಗ? ಕಣ್ಣಿಗ್ ಬಿಡೋ ಔಷಧಿ ಇದ್ದಂಗೈತೆ" ಎಂದು ನನ್ನ ಕಡೆ ನೋಡಿ ನಕ್ಕಿದ್ದರು. ಒಂದು ಬೋಲ್ಟ್ ಬಿಚ್ಚಲು ಹೋಗಿ ಪೈಪು ಹಾಕಿದ ಸ್ಪ್ಯಾನರೇ ಬಾಗಿದ ಮೇಲೆ ನಗುವುದನ್ನು ನಿಲ್ಲಿಸಿದರು.

ಅಂಟು ಹಾಕುವುದು ಎಲ್ಲರಿಗೂ ಬರುತ್ತದೆ. ಬಿಚ್ಚಿದ ಮೇಲೆ ಥ್ರೆಡ್ಡಿನ ಸಂದಿಯಲ್ಲಿ ಹಕ್ಕಳೆ ಕಟ್ಟಿ ಕೂತ ಹಳೆ ಅಂಟನ್ನು ತೆಗೆಯುವುದಿದೆಯಲ್ಲ, ಅದು ಕೆಲಸ. ಪೆಟ್ರೋಲಿಗೆ ಅದು ಜಗ್ಗುವುದಿಲ್ಲ. ಡೀಸೆಲ್ಲಿನಲ್ಲಿ ನೆನೆಹಾಕಿದರೆ ಅದಕ್ಕೆ ಎಣ್ಣೆಸ್ನಾನ ಮಾಡಿಸಿದಂತೆ, ಇನ್ನೂ ಹೊಳೆಯುತ್ತ ಕೂರುತ್ತದೆ. ನಾನೊಂದು ಸಲ ಬಲು ಜಾಣತನ ಮಾಡಿ, ಒಂದು ಡಬ್ಬ ಬೋಲ್ಟುಗಳನ್ನು ಮನೆಗೆ ತಂದು, ಸರೋಜ ಹುರುಳಿಕಾಳು ಬೇಯಿಸುವ ಪಾತ್ರೆಯಲ್ಲಿ ಸೋಡಾಪುಡಿ ಹಾಕಿ ಕುದಿಸಿದೆ. ಅಂಟು ಹೋಗಲಿಲ್ಲ. ಬೋಲ್ಟಿನಲ್ಲಿದ್ದ ಗ್ರೀಸು ಮಾತ್ರ ಕರಗಿ ಮೇಲೆ ತೇಲಿತು. ವಾಸನೆಗೆ ಎದುರು ಮನೆಯವರು ಕಿಟಕಿ ಹಾಕಿಕೊಂಡರು.

"ಉಪ್ಸಾರು ಮಾಡ್ಬುಟ್ರಾ? ಬಡಿಸ್ಲಾ?" ಎಂದು ಸರೋಜ ಬಾಗಿಲಲ್ಲಿ ನಿಂತು ಕೇಳಿದಳು. ಆ ಪಾತ್ರೆ ಮರುದಿನದಿಂದ ಶೆಡ್ಡಿನ ಸೊತ್ತಾಯಿತು.

ಇನ್ನೊಂದು ಸಲ ನಮ್ಮ ಫಿಟ್ಟರ್ ಮಂಜ, ತಳ ಮುಚ್ಚಿದ ತೂತಿನೊಳಗಿನ ಒಣ ಅಂಟನ್ನು ಕೆದಕಿ, ಬಗ್ಗಿ ನೋಡುತ್ತಲೇ ಏರ್ ಹೊಡೆದ. ತಳವಿಲ್ಲದ ತೂತಾದರೆ ಪುಡಿ ಆ ಕಡೆ ಹೋಗುತ್ತದೆ. ತಳ ಇರುವ ತೂತಿನಿಂದ ಅದು ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ, ಅಂದರೆ ಕಣ್ಣಿಗೆ. ಮಂಜನನ್ನು ಆಟೋದಲ್ಲಿ ಹಾಕಿಕೊಂಡು ಕ್ಲಿನಿಕ್ಕಿಗೆ ಓಡಿದೆವು. ಕಣ್ಣು ಉಳಿಯಿತು. ಅವನು ವಾರಗಟ್ಟಲೆ ಕಪ್ಪು ಕನ್ನಡಕ ಹಾಕಿಕೊಂಡು ಹೀರೋ ಥರ ತಿರುಗಿದ. ನಮಗೆ ನಗು ಬರುತ್ತಿದ್ದರೂ ಆವತ್ತಿನಿಂದ ಮೇಸ್ತ್ರಿ ಏರ್ ಪೈಪಿನ ಪಕ್ಕದಲ್ಲೇ ಕನ್ನಡಕ ನೇತು ಹಾಕಿದರು. ಮಕ್ಕಳೇ, ಕನ್ನಡಕ ಹಾಕಿ. ಬಟ್ಟೆಯೊಂದನ್ನು ತೂತಿನ ಬಾಯಿಯ ಸುತ್ತ ಹಿಡಿದು ಏರ್ ಹೊಡೆಯಿರಿ. ಇದರಲ್ಲಿ ತಮಾಷೆ ಇಲ್ಲ.

ಈಗ ಕೆಂಪಯ್ಯನ ವಿಷಯಕ್ಕೆ ಬರುತ್ತೇನೆ.

ಗುಬ್ಬಿಯ ನಂಜಪ್ಪನವರು ತೆಂಗಿನ ತೋಟದವರು. ಅವರಿಗೆ ಬಸ್ಸುಗಳೂ ಇದ್ದವು. ಅವುಗಳಲ್ಲಿ ಒಂದು ಗುಬ್ಬಿಯಿಂದ ತುಮಕೂರಿಗೆ ಬಂದು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗಿಬರುತ್ತಿತ್ತು. ಅದರ ಡ್ರೈವರ್ ಕೆಂಪಯ್ಯ. ಕುಣಿಗಲ್ ಕಡೆಯವನು, ಮಾತು ಕಡಿಮೆ, ಮೀಸೆ ಜಾಸ್ತಿ. ಅವನು ಗೇರ್ ಹಾಕಿದರೆ ನಿದ್ದೆ ಮಾಡುತ್ತಿದ್ದ ಮಗುವಿಗೂ ಎಚ್ಚರವಾಗುತ್ತಿರಲಿಲ್ಲ. ನಾನು ಅವನ ಗಾಡಿಯಲ್ಲಿ ಎಷ್ಟೋ ಸಲ ಮೊದಲ ಟ್ರಿಪ್ಪಿಗೆ ಹೋದವನು. ಕ್ಲಚ್ಚಿನ ಮೇಲೆ ಅವನ ಕಾಲು ಹೇಗೆ ಕೂರುತ್ತದೆ ಎಂಬುದು ನನಗೆ ಗೊತ್ತು.

ಒಂದು ದಿನ ಹೆಬ್ಬೂರು ದಾಟಿದ ಮೇಲೆ ಆ ಬಸ್ಸಿನ ಹಿಂದುಗಡೆ ಹುಯ್ಯೆಂದು ಶಬ್ದ ಶುರುವಾಯಿತಂತೆ. ಕೆಂಪಯ್ಯ ಗಾಡಿ ನಿಲ್ಲಿಸಿ, ಜನರನ್ನು ಇಳಿಸಿ, ನಮಗೆ ಫೋನ್ ಮಾಡಿದ. ಬಿಚ್ಚಿ ನೋಡಿದರೆ ಹಿಂದಿನ ಆ್ಯಕ್ಸಲ್ ನಡುವೆ ಗುಂಡಗೆ ಉಬ್ಬಿದ ಪೆಟ್ಟಿಗೆಯೊಳಗೆ ಕ್ರೌನ್ ಚಕ್ರದ ಬೋಲ್ಟುಗಳು ಸಡಿಲ. ಇಂಜಿನ್ನಿನ ಬಲವನ್ನೆಲ್ಲ ಹಿಂದಿನ ಚಕ್ರಗಳಿಗೆ ತಿರುಗಿಸಿ ಕೊಡುವ ದೊಡ್ಡ ಹಲ್ಲಿನ ಚಕ್ರ ಅದು. ಅದರ ಬೋಲ್ಟು ಕಳಚಿಕೊಂಡು ಹಲ್ಲಿನ ನಡುವೆ ಸಿಕ್ಕಿಕೊಂಡರೆ ಓಡುವ ಬಸ್ಸಿನ ಹಿಂದಿನ ಚಕ್ರಗಳು ಗಪ್ಪನೆ ನಿಂತುಬಿಡುತ್ತವೆ. ಒಳಗಿರುವವರ ಗತಿ ದೇವರಿಗೇ ಗೊತ್ತು.

ಅಷ್ಟು ದೊಡ್ಡ ಕೆಲಸವನ್ನು ಮೇಸ್ತ್ರಿ ಬೇರೆಯವರ ಕೈಗೆ ಕೊಡಲಿಲ್ಲ. ತಾವೇ ಬೋಲ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಕೆಂಪು ಅಂಟು ಹಾಕಿ, ಟಾರ್ಕ್ ರೆಂಚಿನಲ್ಲಿ ಕಟ್ ಕಟ್ ಎನ್ನಿಸಿ ಬಿಗಿ ಮಾಡಿದರು. ಬೇಕಾದಷ್ಟು ಬಿಗಿಯಾದ ಕೂಡಲೇ ಆ ರೆಂಚು ಹಾಗೆ ಶಬ್ದ ಮಾಡುತ್ತದೆ. ಕಟ್ಟಳೆಯ ಪ್ರಕಾರ ಮೊದಲ ಟ್ರಿಪ್ಪಿಗೂ ಹತ್ತಿದರು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಟೀ ಕುಡಿದು, "ಬೆಣ್ಣೆ ಕಣ್ಲಾ, ಬೆಣ್ಣೆ" ಎಂದು ನನಗೆ ಫೋನಿನಲ್ಲಿ ಹೇಳಿದರು.

ಬೆಣ್ಣೆ ಒಂದೆರಡು ತಿಂಗಳಲ್ಲಿ ಕರಗಿತು. ಮತ್ತೆ ಅದೇ ಶಬ್ದ, ಅದೇ ಬೋಲ್ಟುಗಳು.

ಈ ಸಲ ಮೇಸ್ತ್ರಿ ಹಳೆಯ ಬೋಲ್ಟುಗಳನ್ನು ತಿಪ್ಪೆಗೆ ಎಸೆದು ಹೊಸ ಸೆಟ್ಟನ್ನೇ ತರಿಸಿದರು. ಚಕ್ರದ ತೂತುಗಳೊಳಗೆ ಒಂದು ಟ್ಯಾಪ್ ಆಡಿಸಿದರು. ಥ್ರೆಡ್ ಕೊರೆಯುವ ಉಳಿ ಅದು, ತಿರುಗಿಸಿ ಇಳಿಸಿದರೆ ಹೊಸ ಥ್ರೆಡ್ ಬೀಳುತ್ತದೆ. ಹೊಸ ಬೋಲ್ಟು, ಹೊಸ ಅಂಟು, ಮತ್ತೆ ಕಟ್ ಕಟ್. ಮತ್ತೆ ಮೊದಲ ಟ್ರಿಪ್ಪು, ಮತ್ತೆ ಟೀ. ಮತ್ತೆ ಎರಡು ತಿಂಗಳಿಗೆ ಗಾಡಿ ಶೆಡ್ಡಿಗೆ ಬಂದಾಗ ಮೇಸ್ತ್ರಿ ಅದರ ಮುಖ ನೋಡಲಿಲ್ಲ.

ನಂಜಪ್ಪನವರು ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ, ಏಜೆಂಟರು, ಕಂಡಕ್ಟರುಗಳು, ಹೂವಿನವರು ಎಲ್ಲರ ಎದುರಿಗೆ ಕೆಂಪಯ್ಯನನ್ನು ಹಿಡಿದುಕೊಂಡರು.

"ಖಾದರ್ ಮೇಸ್ತ್ರಿ ಕಟ್ಟಿದ್ದು ಎಲ್ಲಾದ್ರೂ ಬಿಚ್ಕತದಾ? ಅವ್ರೇ ಕೂತ್ಕಂಡು ಕುಣಿಗಲ್‌ಗಂಟ ಬಂದು ತೋರ್ಸವ್ರೆ. ನೀನು ಕ್ಲಚ್ಚಿಂದ ಕಾಲ್ ಎಗರುಸ್ತಿದ್ದೀಯ, ಚಕ್ರಕ್ ಏಟ್ ಬೀಳ್ತೈತೆ. ವಯಸ್ಸಾಯ್ತು ಕಣಯ್ಯ ನಿಂಗೆ. ಕೀ ಇಲ್ ಕೊಡು."

ಕೆಂಪಯ್ಯ ಕೀ ಕೊಟ್ಟು, ಬೇರೆ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಊರಿಗೆ ಹೋದನಂತೆ. ನನಗೆ ಇದನ್ನು ಹೇಳಿದ್ದು ಅವನ ಕಂಡಕ್ಟರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಕೇಳಿದ್ದೆ, ಅದು ನಿಜವಾದದ್ದು ಆವತ್ತೇ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಟಿಕೆಟ್ ತೆಗೆದುಕೊಂಡು ಪ್ಯಾಸೆಂಜರ್ ಥರ ಹಿಂದೆ ಹೋಗಿ ಕೂತ ಕೆಂಪಯ್ಯ ಕಣ್ಣ ಮುಂದೆ ಬಂದು, ಮಧ್ಯಾಹ್ನದ ಊಟ ಸೇರಲಿಲ್ಲ.

ಮೇಸ್ತ್ರಿಯ ಹತ್ತಿರ ಹೋದೆ. "ಮೇಸ್ತ್ರಿ, ಕೆಂಪಯ್ಯನ ಕಾಲಿಗೆ ನಾನ್ ಗ್ಯಾರಂಟಿ. ಈ ಸಲ ಕ್ರೌನ್ ನಂಗ್ ಬುಟ್ಬುಡಿ" ಎಂದೆ.

"ನಾನ್ ಬಿಗಿ ಮಾಡಿದ್ರಾಗೆ ಏನ್ಲಾ ತಪ್ಪ್ ಹುಡುಕ್ತೀಯ? ಹೊಸಾ ಬೋಲ್ಟು, ಅಂಟು, ಟಾರ್ಕು, ಎಲ್ಲಾ ಸರೀಗದೆ. ಟ್ರಿಪ್ಪೂ ಹೋಗ್ಬಂದಿದೀನಿ."

"ಹುಡ್ಕಲ್ಲ, ತೊಳೀತೀನಿ."

ಮೇಸ್ತ್ರಿ "ತೊಳ್ಕೋ ಹೋಗು" ಎಂದರು. ಹೆಡ್ ಫಿಟ್ಟರ್ ತೊಳೆಯಲು ಕೂತದ್ದು ನೋಡಿ ಮಂಜ ಮೂಲೆಯಲ್ಲಿ ಹಲ್ಲು ಕಿರಿದ.

ಚಕ್ರವನ್ನು ಬೆಳಕಿಗೆ ತಂದು ಬೆಂಚಿನ ಮೇಲೆ ಮಲಗಿಸಿದೆ. ಅದರ ತೂತುಗಳು ತಳ ಮುಚ್ಚಿದ ತೂತುಗಳು. ಮೇಲಿಂದ ನೋಡಿದರೆ ಫಳಫಳ. ಒಂದು ಹೊಸ ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ಇಳಿಸಿದೆ. ಸಲೀಸಾಗಿ ಹೋಯಿತು. ಇನ್ನೊಂದು ತೂತಿಗೂ ಇಳಿಸಿದೆ. ಅದೂ ಹೋಯಿತು, ಆದರೆ ತಲೆ ಸ್ವಲ್ಪ ಮೇಲೇ ನಿಂತ ಹಾಗೆ ಕಂಡಿತು. ಕಣ್ಣಿನ ಭ್ರಮೆಯೋ ಏನೋ ಎಂದುಕೊಂಡೆ. ಅಲ್ಲೇ ಶೆಡ್ಡು ಗುಡಿಸುವ ತೆಂಗಿನ ಪೊರಕೆ ಒರಗಿಸಿತ್ತು. ಒಂದು ಕಡ್ಡಿ ಕಿತ್ತು ಮೊದಲ ತೂತಿಗೆ ಇಳಿಬಿಟ್ಟೆ, ತಳ ಮುಟ್ಟಿದ ಮೇಲೆ ಬಾಯಿಯ ಹತ್ತಿರ ಉಗುರಿನಲ್ಲಿ ಗೀರಿದೆ. ಅದೇ ಕಡ್ಡಿಯನ್ನು ಎರಡನೆಯ ತೂತಿಗೆ ಬಿಟ್ಟರೆ ಗೀರು ಒಳಗೆ ಹೋಗದೆ ಮೇಲೇ ಉಳಿಯಿತು. ಮೂರನೆಯದರಲ್ಲಿ ಇನ್ನೂ ಮೇಲೆ.

ತೂತುಗಳು ತುಂಬಿಕೊಂಡಿದ್ದವು. ಹಳೆಯ ಅಂಟು ಪೆಟ್ರೋಲಿಗೆ ಕರಗಿರಲಿಲ್ಲ. ಮೇಸ್ತ್ರಿ ಆಡಿಸಿದ ಟ್ಯಾಪು ಅದನ್ನು ಗೋಡೆಯಿಂದ ಕೆರೆದು, ಹೊರಗೆ ತರುವ ಬದಲು ತಳಕ್ಕೆ ಒತ್ತಿ ಒತ್ತಿ ಗಟ್ಟಿ ಮಾಡಿತ್ತು. ಬಿಗಿ ಮಾಡುವಾಗ ಬೋಲ್ಟಿನ ತುದಿ ಹೋಗಿ ಆ ಗಟ್ಟಿಗೆ ತಾಗಿದೆ. ರೆಂಚು ಅದನ್ನೇ ಬಿಗಿ ಎಂದುಕೊಂಡು ಕಟ್ ಎಂದಿದೆ. ಬೋಲ್ಟಿನ ತಲೆ ಮಾತ್ರ ಚಕ್ರವನ್ನು ಹಿಡಿಯಬೇಕಾದಷ್ಟು ಹಿಡಿದೇ ಇಲ್ಲ. ಒಂದು ಟ್ರಿಪ್ಪಿನಲ್ಲಿ ಇದು ಗೊತ್ತಾಗುವುದಿಲ್ಲ. ದಿನವೂ ಗುಬ್ಬಿ, ತುಮಕೂರು, ಕುಣಿಗಲ್ ಎಂದು ಅಲುಗಿ ಅಲುಗಿ, ತಳದ ಅಂಟು ಪುಡಿಯಾಗಿ, ಆಮೇಲೆ ಸಡಿಲವಾಗುತ್ತದೆ. ಅಷ್ಟು ಹೊತ್ತಿಗೆ ನಾವು ಟೀ ಕುಡಿದು ಮನೆಗೆ ಬಂದಿರುತ್ತೇವೆ. ಮೇಲೆ ತಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಅದು.

ಮೇಸ್ತ್ರಿಯನ್ನು ಕರೆದೆ. ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಒಂದೊಂದೇ ತೂತಿಗೆ ಬಿಟ್ಟು ನೋಡಿದರು. ಎಲ್ಲ ನೋಡಿ ಮುಗಿಸಿ, ತಲೆಯ ಮೇಲಿನ ಟೋಪಿ ತೆಗೆದು, ಬೆಂಚಿನ ಮೇಲೆ ಕೂತುಬಿಟ್ಟರು.

"ಬೋಲ್ಟ್ ಹೊಸದು, ತೂತು ಹಳೇದು ಕಣ್ಲಾ," ಎಂದರು. "ಕುಣೀಲಾರ್ದೋಳು ನೆಲ ಡೊಂಕು ಅಂದಂಗೆ, ಆ ಮನ್ಷನ್ ಕಾಲ್ ಮೇಲೆ ಹಾಕ್ಬುಟ್ವಲ್ಲೋ."

"ನೀವ್ ಹಾಕ್ಲಿಲ್ಲ ಮೇಸ್ತ್ರಿ, ನಂಜಪ್ಪೋರು ಹಾಕಿದ್ದು."

"ನಾನ್ ಬಾಯ್ಮುಚ್ಕಂಡ್ ಇದ್ನಲ್ಲ. ಅದೂ ಹಾಕ್ದಂಗೇಯ."

ಅಂಟು ಮಾರುವ ಕಂಪನಿಯಿಂದ ಆಗಾಗ ಕಾವ್ಯ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು ಬಾಟಲಿ ಕೊಟ್ಟು ಹೋಗುತ್ತಿದ್ದಳು. ಇಂಜಿನಿಯರಿಂಗ್ ಓದಿದವಳು, ಇಲ್ಲೇ ತುಮಕೂರಿನ ಸದಾಶಿವನಗರದಲ್ಲಿ ಮನೆ. ನಮ್ಮ ಶೆಡ್ಡಿನಲ್ಲಿ ಅವಳ ಮಾತನ್ನು ಯಾರೂ ಪೂರ್ತಿ ಕೇಳಿದವರಲ್ಲ. ಬಾಟಲಿ ಇಸಕೊಂಡು "ಆಯ್ತಮ್ಮ, ಆಯ್ತಮ್ಮ" ಎಂದು ಸಾಗಹಾಕುತ್ತಿದ್ದೆವು. ಆವತ್ತು ಮೇಸ್ತ್ರಿಯೇ ಫೋನ್ ಮಾಡಿ ಕರೆಸಿ, ಸ್ಟೂಲ್ ಹಾಕಿ ಕೂರಿಸಿದರು.

"ನಾನ್ ಇದನ್ನ ಮೊದ್ಲೇ ಹೇಳಿದ್ದೆ ಅಂಕಲ್," ಎಂದಳು ಕಡ್ಡಿ ನೋಡಿ. "ಈ ಅಂಟು ಗಾಳಿ ಇಲ್ದಿರೋ ಕಡೆ, ಬರೀ ಲೋಹ ಸಿಕ್ಕಿದ್ರೆ ಮಾತ್ರ ಚೆನ್ನಾಗಿ ಹಿಡಿಯುತ್ತೆ. ಹಳೇ ಅಂಟಿನ ಮೇಲೆ, ಎಣ್ಣೆ ಪಸೆ ಮೇಲೆ ಹಾಕಿದ್ರೆ ಅದು ಯಾರನ್ನ ಹಿಡ್ಕೋಬೇಕು? ಮತ್ತೆ ನೀವು ಹಾಕಿದ ತಕ್ಷಣ ಗಾಡಿ ಓಡಿಸ್ತೀರ."

"ಮೊದ್ಲ್ ಟ್ರಿಪ್ ಹೋಗ್ಬೇಕಲ್ಲಮ್ಮ," ಎಂದೆ ನಾನು, ಸ್ವಲ್ಪ ಜೋರಾಗಿಯೇ.

"ಒಂದಿನ ಬಿಟ್ಟು ಹೋಗಿ ಅಂಕಲ್. ಕುಣಿಗಲ್ ಎಲ್ಲೂ ಓಡ್ಹೋಗಲ್ಲ."

ಮಂಜ ಕಿಸಕ್ಕೆಂದ. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು.

ಆಮೇಲೆ ನಡೆದ ತೊಳೆಯುವಿಕೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೊದಲು ಬಿಸಿಗಾಳಿ ಊದುವ ಹಾಟ್ ಗನ್ನಿನಲ್ಲಿ ಒಂದೊಂದೇ ತೂತಿನ ಸುತ್ತ ಹದವಾಗಿ ಬಿಸಿ ಮಾಡಿದೆವು. ಬ್ಲೋ ಲ್ಯಾಂಪ್ ಮುಟ್ಟಕೂಡದೆಂದು ಕಾವ್ಯ ಗದರಿದ್ದಳು. ಬೆಂಕಿ ಒಂದೇ ಕಡೆ ನಾಟಿದರೆ ಹಲ್ಲಿನ ಹದ ಕೆಡುತ್ತದೆ. ಬಿಸಿಗೆ ಮೆದುವಾದ ಅಂಟನ್ನು ಮೊನೆಯ ಕಡ್ಡಿಯಿಂದ ಕೆದಕಿ ತೆಗೆದೆ. ಸುಟ್ಟ ಸಕ್ಕರೆಯ ಹಾಗೆ ಚೂರು ಚೂರಾಗಿ ಬಂತು. ಉಳಿದದ್ದಕ್ಕೆ, ಚಕ್ರ ಪೂರ್ತಿ ಆರಿದ ಮೇಲೆ, ಅವಳು ತಂದ ದ್ರಾವಣ ಬಿಟ್ಟು, ಬಾಗಿಲು ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಕಾದೆವು.

ಥ್ರೆಡ್ಡಿನ ಸಂದಿಗೆ ಮಾತ್ರ ನಾನು ಟ್ಯಾಪ್ ಮುಟ್ಟಲಿಲ್ಲ. ಟ್ಯಾಪು ಅಂಟಿನ ಜೊತೆ ಕಬ್ಬಿಣವನ್ನೂ ತಿನ್ನುತ್ತದೆ. ಕೊರೆದಷ್ಟೂ ತೂತು ಸಡಿಲ. ಅದರ ಬದಲು ಅದೇ ಅಳತೆಯ ಹಳೆಯ ಬೋಲ್ಟೊಂದನ್ನು ಬೆಂಚಿನ ವೈಸಿನ ಇಕ್ಕಳದಲ್ಲಿ ಹಿಡಿದು, ತುದಿಯಿಂದ ಉದ್ದಕ್ಕೆ ಹ್ಯಾಕ್ಸಾ ಬ್ಲೇಡಿನಲ್ಲಿ ಗೀರುಗಳನ್ನು ಕೊಯ್ದು, ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ ತೆಗೆದೆ. ಗೀರಿಗೆ ಗ್ರೀಸು ತುಂಬಿ, ಬೆರಳಿನಲ್ಲೇ ಮೆಲ್ಲಗೆ ಇಳಿಸಿ, ಮೆಲ್ಲಗೆ ಮೇಲೆ ತಂದೆ. ಸಂದಿಯ ಪುಡಿಯೆಲ್ಲ ಗೀರಿನ ಗ್ರೀಸಿಗೆ ಅಂಟಿಕೊಂಡು ಬಂತು. ಒರೆಸಿ ಮತ್ತೆ ಇಳಿಸಿದೆ. ಕಪ್ಪಾಗಿ ಬರುತ್ತಿದ್ದ ಗ್ರೀಸು ಹಾಕಿದ ಬಣ್ಣದಲ್ಲೇ ವಾಪಸ್ಸು ಬರುವ ತನಕ ಬಿಡಲಿಲ್ಲ. ಕೊನೆಗೆ ಆ ಗ್ರೀಸಿನ ಪಸೆಯನ್ನೂ ತೊಳೆದು, ಬಟ್ಟೆ ಹಿಡಿದು, ಕನ್ನಡಕ ಹಾಕಿ ಏರ್ ಹೊಡೆದೆ. ಕಡ್ಡಿ ಬಿಟ್ಟು ನೋಡಿದರೆ ಎಲ್ಲ ತೂತಿನಲ್ಲೂ ಗೀರು ಒಂದೇ ಮಟ್ಟಕ್ಕೆ ನಿಂತಿತು.

ಮೇಸ್ತ್ರಿ ಅಷ್ಟೂ ಹೊತ್ತು ನನ್ನ ಪಕ್ಕದಲ್ಲಿ ಹಿತ್ತಾಳೆ ಬ್ರಷ್ ಹಿಡಿದು ಬೋಲ್ಟುಗಳನ್ನು ಉಜ್ಜುತ್ತಿದ್ದರು. ತುಮಕೂರಿನ ಬಸ್ಸಿನವರೆಲ್ಲ ಎದ್ದು ನಿಂತು ನಮಸ್ಕಾರ ಹಾಕುತ್ತಿದ್ದ ಖಾದರ್ ಮೇಸ್ತ್ರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬೋಲ್ಟ್ ತೊಳೆಯುತ್ತಿದ್ದರು. ಮಂಜ ಆವತ್ತಿನಿಂದ ತೊಳೆಯುವ ಕೆಲಸಕ್ಕೆ ಹಲ್ಲು ಕಿರಿದವನಲ್ಲ.

ಹೊಸ ಅಂಟು ಹಾಕಿ ಬಿಗಿ ಮಾಡಿದೆ. ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದಲ್ಲಿ ಗೆರೆ ಎಳೆದೆ. ಬೋಲ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣಬೇಕು. ಚಕ್ರ ಒಂದು ಇಡೀ ದಿನ ಹಾಗೇ ಇರಲಿ ಎಂದು ಬಿಟ್ಟು, ಮೇಸ್ತ್ರಿ ಮತ್ತು ನಾನು ಗುಬ್ಬಿಗೆ ಹೋದೆವು.

ನಂಜಪ್ಪನವರು ತೋಟದ ಮನೆಯ ಮುಂದೆ ಕೊಬ್ಬರಿ ಆರಿಸುವುದನ್ನು ನೋಡುತ್ತಿದ್ದರು. ಕೂತುಕೊಳ್ಳಿ ಎಂದರೂ ಮೇಸ್ತ್ರಿ ಕೂರಲಿಲ್ಲ.

"ಯಜಮಾನ್ರೆ, ಬೋಲ್ಟ್ ಬಿಚ್ಕಂಡಿದ್ದು ನನ್ನ ಕೆಲ್ಸದಿಂದ. ಕೆಂಪಯ್ಯನ್ ಕಾಲಿಂದಲ್ಲ."

"ಏನ್ ಮೇಸ್ತ್ರಿ ನೀವು, ಅವನ್ನ ಉಳ್ಸಾಕೆ ನಿಮ್ಮೆಸ್ರು ಕೆಡುಸ್ಕತೀರಾ?"

"ಹೆಸ್ರು ಕೆಟ್ಟಾಗದೆ. ಯಾರ್ದು ಅಂತ ಹೇಳಾಕೆ ಬಂದಿದೀನಿ." ಜೇಬಿನಿಂದ ಒಂದು ಪೊಟ್ಟಣ ತೆಗೆದು, ತೂತಿನ ತಳದಿಂದ ಬಂದ ಅಂಟಿನ ಚೂರುಗಳನ್ನು ಅವರ ಅಂಗೈಗೆ ಸುರಿದರು. ನಡೆದದ್ದೆಲ್ಲ ಬಿಡಿಸಿ ಹೇಳಿದರು.

ನಂಜಪ್ಪನವರು ಕೆಟ್ಟವರಲ್ಲ, ದುಡುಕಿನವರು. ಒಂದೊಂದೇ ಚೂರನ್ನು ಉಗುರಿನಿಂದ ಒತ್ತಿ ನೋಡಿದರು. "ಈ ಸಲ ಗಟ್ಟಿಗ್ ನಿಲ್ತೈತೆ ಅಂತ ಏನ್ ಗ್ಯಾರಂಟಿ?" ಎಂದರು ಕೊನೆಗೆ.

"ಕೆಂಪಯ್ಯನೇ ಓಡಿಸ್ಲಿ. ಒಂದ್ ತಿಂಗ್ಳಾದ್ಮೇಲೆ ನಿಮ್ಮೆದ್ರುಗೇ ಬಿಚ್ಚಿ ನೋಡಣ. ಗೆರೆ ಒಂದ್ ಕೂದ್ಲೆಳೆ ಅಲ್ಲಾಡಿದ್ರೂ ನೀವೇಳಿದ್ದೇ ಸರಿ. ಅವ್ನೂ ಸೀಟ್ ಬುಡ್ತಾನೆ, ನಾನೂ ಸ್ಪ್ಯಾನರ್ ಬುಡ್ತೀನಿ."

ಬಿಗಿ ಮಾಡಿದವನು ನಾನು. ನನ್ನ ಕೈಯ ಮೇಲೆ ಮೇಸ್ತ್ರಿ ತಮ್ಮ ಅನ್ನವನ್ನೂ ಕೆಂಪಯ್ಯನ ಅನ್ನವನ್ನೂ ಇಟ್ಟುಬಿಟ್ಟಿದ್ದರು.

ಕೆಂಪಯ್ಯ ಸುಲಭಕ್ಕೆ ಬರಲಿಲ್ಲ. ಕುಣಿಗಲ್ ಕೆರೆ ಏರಿಯ ಕೆಳಗಿನ ಟೀ ಅಂಗಡಿಯಲ್ಲಿ ಸಿಕ್ಕಿದವನು ನಮ್ಮ ಮಾತೆಲ್ಲ ಕೇಳಿ, "ಬಸ್‌ಸ್ಟ್ಯಾಂಡಲ್ಲಿ ಕೀ ಇಸ್ಕಂಡವ್ರು ಬಸ್‌ಸ್ಟ್ಯಾಂಡಲ್ಲೇ ಕೊಡ್ಬೇಕು" ಎಂದಷ್ಟೇ ಹೇಳಿದ. ನಂಜಪ್ಪನವರು ಹಾಗೇ ಮಾಡಿದರು. ಅದೇ ಏಜೆಂಟರು, ಅದೇ ಹೂವಿನವರ ಎದುರಿಗೆ "ದುಡುಕ್ಬುಟ್ಟೆ ಕಣಯ್ಯ, ಇಟ್ಕೋ" ಎಂದು ಕೀ ಕೊಟ್ಟರು. ಆದರೆ ಒಂದು ತಿಂಗಳ ಮಾತನ್ನೂ ಅಲ್ಲೇ ಗಟ್ಟಿಯಾಗಿ ಹೇಳಿದರು. ಕೆಂಪಯ್ಯ ಮೀಸೆ ಅಲುಗಿಸದೆ ಕೇಳಿಸಿಕೊಂಡ.

ಮೊದಲ ಟ್ರಿಪ್ಪಿಗೆ ನಾನು ಹತ್ತಿದೆ. ಚೆನ್ನಾಗಿಯೇ ಓಡಿತು. ಆದರೆ ಚೆನ್ನಾಗಿ ಓಡಿದ್ದರಿಂದ ನನಗೆ ಒಂಚೂರೂ ಸಮಾಧಾನವಾಗಲಿಲ್ಲ. ಆ ತಿಂಗಳು ರಸ್ತೆಯಲ್ಲಿ ಯಾವ ಬಸ್ಸು ಹುಯ್ ಎಂದರೂ ನಿಂತು ಅದರ ಬೋರ್ಡು ಓದುತ್ತಿದ್ದೆ. ಸರೋಜ ಮುದ್ದೆ ಮೇಲೆ ತುಪ್ಪ ಹಾಕಿದರೂ ರುಚಿಯಿಲ್ಲ. "ಬೋಲ್ಟ್ ಅಷ್ಟೇ ಅಲ್ವೇನ್ರೀ, ಬಿಗಿ ಮಾಡಿದೀರ ತಾನೆ?" ಎಂದು ಕೇಳಿದಳು.

"ತೊಳೆದಿದೀನಿ ಕಣೇ," ಎಂದೆ. ಅದೊಂದೇ ನನಗಿದ್ದ ಧೈರ್ಯ.

ತಿಂಗಳು ತುಂಬಿದ ದಿನ ಬೆಳಗ್ಗೆಯೇ ಬಸ್ಸು ಶೆಡ್ಡಿಗೆ ಬಂತು. ನಂಜಪ್ಪನವರು ಬಂದರು. ಕಾವ್ಯ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಕೆಂಪಯ್ಯ ಮಾತ್ರ ಬಾಗಿಲ ಹತ್ತಿರವೇ ನಿಂತ. ಎಣ್ಣೆ ಇಳಿಸಿ, ಕ್ರೌನ್ ಹೊರಗೆ ತೆಗೆದು ಒರೆಸಿದೆ. ಹಳದಿ ಗೆರೆಗಳು ಹಾಕಿದ ಹಾಗೇ ಇದ್ದವು, ಒಂದೂ ಮುರಿದಿರಲಿಲ್ಲ.

ನಂಜಪ್ಪನವರು ಬಗ್ಗಿ ನೋಡಿದರು. "ಗೆರೆ ಸರೀಗೈತೆ. ಬಿಗಿನೂ ನೋಡ್ಬುಡಿ" ಎಂದರು.

ನಾನು ಉದ್ದ ಹ್ಯಾಂಡಲ್ ತೆಗೆದುಕೊಂಡೆ. ಮೇಸ್ತ್ರಿ ನನ್ನ ಕೈಯಿಂದ ಅದನ್ನು ಕಿತ್ತುಕೊಂಡರು.

"ಕೆಂಪಯ್ಯ, ಬಾ ಇಲ್ಲಿ. ಇವ್ನ್ ಕೈಲಿ ಬ್ಯಾಡ, ನನ್ ಕೈಲೂ ಬ್ಯಾಡ. ನಿನ್ ಸೀಟ್ ಇದ್ರ ಮೇಲೈತೆ. ನೀನೇ ಬಿಚ್ಚು."

ಕೆಂಪಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದ. ಹ್ಯಾಂಡಲನ್ನು ಬೋಲ್ಟಿಗೆ ಕೂರಿಸಿ ಒತ್ತಿದ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದ. ಕತ್ತಿನ ನರ ಉಬ್ಬಿದವು, ಮುಖ ಕೆಂಪೇರಿತು. ಕಾಲನ್ನು ಬೆಂಚಿಗೆ ಕೊಟ್ಟು, ಇಡೀ ಮೈಭಾರ ಬಿಟ್ಟು ಜೋತುಬಿದ್ದ. ಹ್ಯಾಂಡಲ್ ಬಾಗಿತೇ ಹೊರತು ಬೋಲ್ಟು ಮಿಸುಕಲಿಲ್ಲ.

ಅವನು ಕೈಬಿಟ್ಟು ನಮ್ಮ ಕಡೆ ತಿರುಗಿದ. ಮೀಸೆಯ ಮೇಲೆ ಬೆವರೋ ಕಣ್ಣೀರೋ ಇಳಿಯುತ್ತಿತ್ತು.

"ಬರ್ತಿಲ್ಲ ಮೇಸ್ತ್ರಿ," ಎಂದು ಚಿಕ್ಕ ಮಕ್ಕಳ ಹಾಗೆ ನಕ್ಕ. "ನಂಜಪ್ಪೋರೆ, ನೋಡಿ, ಬರ್ತಿಲ್ಲ!"